ಹಗುರ ಪಡೆಯ ಭಾರ: ದೀರ್ಘ ಯುದ್ಧದಲ್ಲಿ ಪ್ಯಾರಾ ಪಡೆಗಳ ಮರುಜೋಡಣೆ

ಪ್ಯಾರಾ ಪಡೆಯ ಆಕಾರವನ್ನು ಸೇನಾಪತಿಗಿಂತ ಮೊದಲು ನಿರ್ಧರಿಸುವುದು ವಿಮಾನದ ಬಾಗಿಲು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಸೈನಿಕರನ್ನು ಹೊತ್ತ ಸಿ-47, ನಮ್ಮವರು ಡಕೋಟಾ ಎಂದು ಕರೆದ ಅದೇ ವಿಮಾನ, ಶಸ್ತ್ರಸಜ್ಜಿತರಾದ ಹದಿನೆಂಟು ಇಪ್ಪತ್ತು ಮಂದಿಯನ್ನಷ್ಟೇ ಒಯ್ಯುತ್ತಿತ್ತು. ಅಮೆರಿಕದ ವಾಕೋ ಗ್ಲೈಡರಿನಲ್ಲಿ 13 ಸೈನಿಕರು ಹಿಡಿಸುತ್ತಿದ್ದರು; ಜೀಪು ಏರಿದರೆ ಹೆಚ್ಚಿನ ಸೈನಿಕರಿಗೆ ಜಾಗವಿಲ್ಲ. ಹೀಗಾಗಿ ಪ್ಯಾರಾ ಡಿವಿಷನ್ನಿಗೆ ಟ್ಯಾಂಕು, ದೊಡ್ಡ ಫಿರಂಗಿ, ಸಾಲು ಸಾಲು ಲಾರಿ ಯಾವುದೂ ಇರಲಿಲ್ಲ. ಇಳಿಯಬೇಕು, ಸೇತುವೆಯನ್ನೋ ಕೂಡುರಸ್ತೆಯನ್ನೋ ಹಿಡಿಯಬೇಕು, ಎರಡು ಮೂರು ದಿನ ಹಿಡಿದಿಟ್ಟುಕೊಂಡು ಹಿಂದಿನಿಂದ ಬರುವ ಭಾರಿ ಪಡೆಗೆ ಒಪ್ಪಿಸಿ ಮರಳಬೇಕು: ಯೋಜನೆ ಬರೆದವರ ಲೆಕ್ಕ ಇಷ್ಟೇ. ಯುದ್ಧ ವರ್ಷಗಟ್ಟಲೆ ಎಳೆದಾಗ ಈ ಲೆಕ್ಕ ಎಲ್ಲ ಕಡೆಯೂ ತಪ್ಪಿತು. ಇಳಿದವರನ್ನು ಮರಳಿಸಲು ಬದಲಿ ಪಡೆ ಇರಲಿಲ್ಲ. ಇಷ್ಟು ಪಳಗಿದ ಸೈನಿಕರನ್ನು ಮುಂದಿನ ಜಿಗಿತಕ್ಕೆಂದು ಸುಮ್ಮನೆ ಕೂರಿಸಿಡಲು ಯಾವ ಸೇನಾಪತಿಗೂ ಮನಸ್ಸು ಬರಲಿಲ್ಲ. ಅವರು ಕಾಲಾಳುಗಳಾಗಿ ತಿಂಗಳುಗಟ್ಟಲೆ ಕಾದಿದರು, ಸವೆದರು, ಮತ್ತೆ ತುಂಬಿಸಲ್ಪಟ್ಟರು. ಪ್ರತಿ ಸಲ ತುಂಬಿಸುವಾಗಲೂ ಪಡೆಯ ತೂಕ ಸ್ವಲ್ಪ ಸ್ವಲ್ಪವೇ ಏರುತ್ತ ಹೋಯಿತು.

ಅಮೆರಿಕದ 82ನೇ ಡಿವಿಷನ್ 1942ರ ಆಗಸ್ಟ್‌ನಲ್ಲಿ ಏರ್‌ಬೋರ್ನ್ ಡಿವಿಷನ್ ಆಯಿತು. ಅದನ್ನೇ ಎರಡಾಗಿ ಸೀಳಿ 101ನೆಯದನ್ನು ಕಟ್ಟಲಾಯಿತು. ಮೊದಲ ಸಂಘಟನಾ ಪಟ್ಟಿಯಲ್ಲಿ ಇಂಥ ಡಿವಿಷನ್ನಿಗೆ ಸುಮಾರು 8,500 ಮಂದಿ, ಅಂದರೆ ಸಾಮಾನ್ಯ ಕಾಲಾಳು ಡಿವಿಷನ್ನಿನ ಮುಕ್ಕಾಲಂಶಕ್ಕೂ ಬಹಳ ಕಡಿಮೆ. ಒಂದು ಪ್ಯಾರಾ ರೆಜಿಮೆಂಟು, ತಲಾ ಎರಡೇ ಬೆಟಾಲಿಯನ್‌ಗಳ ಎರಡು ಗ್ಲೈಡರ್ ರೆಜಿಮೆಂಟುಗಳು. ಸಾಮಾನ್ಯ ರೆಜಿಮೆಂಟಿಗೆ ಮೂರು ಬೆಟಾಲಿಯನ್ ಇರುವುದಕ್ಕೆ ಕಾರಣವಿದೆ: ಎರಡು ಮುಂದೆ ಕಾದುವಾಗ ಒಂದು ಹಿಂದೆ ಮೀಸಲು. ಎರಡೇ ಇದ್ದಲ್ಲಿ ಮೀಸಲಿನ ಮಾತೇ ಇಲ್ಲ. ಪಟ್ಟಿಯ ಶಾಯಿ ಆರುವ ಮೊದಲೇ ತಿದ್ದುಪಡಿ ಶುರುವಾಯಿತು. ಗ್ಲೈಡರುಗಳು ಸಾಕಷ್ಟು ತಯಾರಾಗದ ಕಾರಣ 82ನೆಯದು ಸಮುದ್ರ ದಾಟುವ ಮುನ್ನವೇ ಒಂದು ಗ್ಲೈಡರ್ ರೆಜಿಮೆಂಟನ್ನು ಬಿಟ್ಟುಕೊಟ್ಟು 505ನೇ ಪ್ಯಾರಾ ರೆಜಿಮೆಂಟನ್ನು ಪಡೆಯಿತು.

ಮೊದಲ ದೊಡ್ಡ ಪಾಠ ಸಿಸಿಲಿಯದು. 1943ರ ಜುಲೈ 9ರ ರಾತ್ರಿ ಜೇಮ್ಸ್ ಗ್ಯಾವಿನ್ ನೇತೃತ್ವದ 505ನೇ ರೆಜಿಮೆಂಟು ಬಿರುಗಾಳಿಗೆ ಸಿಕ್ಕಿ ದ್ವೀಪದ ತೆಂಕಣ ಭಾಗದಲ್ಲೆಲ್ಲ ಚೆಲ್ಲಾಪಿಲ್ಲಿಯಾಯಿತು. ಎರಡು ದಿನದ ನಂತರ 504ನೆಯದನ್ನು ಹೊತ್ತು ಬಂದ 144 ವಿಮಾನಗಳ ಮೇಲೆ ಮಿತ್ರಪಡೆಯ ಹಡಗುಗಳೂ ದಡದ ಫಿರಂಗಿಗಳೂ ಶತ್ರುವೆಂದೇ ತಿಳಿದು ಗುಂಡು ಹಾರಿಸಿದವು. 23 ವಿಮಾನ ಉರುಳಿದವು. ಡಿವಿಷನ್ ಗಾತ್ರದ ಪ್ಯಾರಾ ಪಡೆಯೇ ಬೇಡ, ಬೆಟಾಲಿಯನ್ನಿನಷ್ಟು ಸಣ್ಣ ತುಕಡಿ ಸಾಕು ಎಂದು ವಾದಿಸಿದವರಿಗೆ ಇದು ದೊಡ್ಡ ಆಧಾರವಾಯಿತು. ಐಸೆನ್‌ಹೋವರ್‌ಗೂ ಆಗ ಅದೇ ಅನುಮಾನ. ಮೇಜರ್ ಜನರಲ್ ಜೋಸೆಫ್ ಸ್ವಿಂಗ್ ನೇತೃತ್ವದ ಮಂಡಳಿ ವಿಚಾರಣೆ ನಡೆಸಿತು. ಆ ಡಿಸೆಂಬರಿನಲ್ಲಿ ಉತ್ತರ ಕೆರೊಲಿನಾದಲ್ಲಿ ನಡೆದ ದೊಡ್ಡ ಕವಾಯತಿನಲ್ಲಿ 11ನೇ ಏರ್‌ಬೋರ್ನ್ ಡಿವಿಷನ್ ಗುರಿ ಮುಟ್ಟಿದ ಮೇಲಷ್ಟೇ ಡಿವಿಷನ್‌ಗಳು ಉಳಿದುಕೊಂಡವು.

ಸಿಸಿಲಿಯ ಪರಿಣಾಮವಾಗಿ ಎರಡು ಬದಲಾವಣೆಗಳು ಹುಟ್ಟಿದವು. ಮುಖ್ಯ ಪಡೆಗಿಂತ ಮೊದಲು ಇಳಿದು ರೇಡಿಯೋ ಸಂಜ್ಞೆ ಮತ್ತು ದೀಪಗಳಿಂದ ಜಾಗ ತೋರಿಸುವ ಪಾತ್‌ಫೈಂಡರ್ ತುಕಡಿಗಳು ಒಂದು. ವಿಮಾನದಲ್ಲಿ ‘ರೆಬೆಕ್ಕಾ’, ನೆಲದಲ್ಲಿ ಅದರ ಕರೆಗೆ ಓಗೊಡುವ ‘ಯುರೇಕಾ’ ಎಂಬ ಪೆಟ್ಟಿಗೆ. ಇನ್ನೊಂದು, 1944ರ ಜೂನ್‌ನಲ್ಲಿ ನಾರ್ಮಂಡಿಗೆ ಹೊರಟ ಮಿತ್ರಪಡೆಯ ವಿಮಾನಗಳ ರೆಕ್ಕೆ ಮತ್ತು ಒಡಲಿನ ಮೇಲೆ ಬಳಿದ ದಪ್ಪ ಕಪ್ಪು ಬಿಳುಪು ಪಟ್ಟೆಗಳು.

ಜರ್ಮನಿ ಇದೇ ಪಾಠವನ್ನು ಎರಡು ವರ್ಷ ಮೊದಲೇ ಕಲಿತು ತದ್ವಿರುದ್ಧ ತೀರ್ಮಾನಕ್ಕೆ ಬಂದಿತ್ತು. 1941ರ ಮೇ 20ರಂದು ಕ್ರೀಟ್ ದ್ವೀಪದ ಮೇಲೆ ಇಳಿದ ಕುರ್ಟ್ ಸ್ಟೂಡೆಂಟ್‌ನ ಪಡೆ ದ್ವೀಪವನ್ನು ಗೆದ್ದಿತು, ಆದರೆ ಸತ್ತವರು ಮತ್ತು ಕಾಣೆಯಾದವರು ಸೇರಿ ಜರ್ಮನ್ನರ ನಷ್ಟ 4,000ದ ಆಸುಪಾಸು. ಅವರ ಪ್ಯಾರಾಶೂಟೇ ಇದಕ್ಕೆ ಒಂದು ಕಾರಣ. ಹಗ್ಗಗಳೆಲ್ಲ ಬೆನ್ನಿನ ಒಂದೇ ಬಿಂದುವಿಗೆ ಸೇರುತ್ತಿದ್ದವು. ಸೈನಿಕ ಮುಂದಕ್ಕೆ ಬಾಗಿ ತೂಗುತ್ತ ಬಂದು ಅಂಗೈ ಮೊಣಕಾಲು ಊರಿ ಬೀಳುತ್ತಿದ್ದ. ಹಾಗೆ ಬೀಳುವವನು ರೈಫಲ್ ಕಟ್ಟಿಕೊಳ್ಳುವಂತಿಲ್ಲ. ಬಹುತೇಕರು ಪಿಸ್ತೂಲು, ಗ್ರೆನೇಡ್ ಹಿಡಿದೇ ನೆಲ ಮುಟ್ಟಿ, ಬೇರೆಯಾಗಿ ಎಸೆದ ಶಸ್ತ್ರದ ಪೆಟ್ಟಿಗೆಯನ್ನು ಗುಂಡಿನ ಮಳೆಯಲ್ಲಿ ಹುಡುಕಬೇಕಾಯಿತು. ಒಬ್ಬನೇ ಹೊತ್ತು ಜಿಗಿಯಬಲ್ಲ, ರೈಫಲ್ಲೂ ಹೌದು ಮೆಷಿನ್ ಗನ್ನೂ ಹೌದು ಎನ್ನುವಂಥ ಎಫ್‌ಜಿ-42 ಎಂಬ ಆಯುಧ ಈ ಕೊರತೆ ನೀಗಲೆಂದೇ ರೂಪುಗೊಂಡಿತು. ಅದು ಕೈಗೆ ಬರುವ ಹೊತ್ತಿಗೆ ದೊಡ್ಡ ಜಿಗಿತಗಳ ಕಾಲವೇ ಮುಗಿದಿತ್ತು. ಪ್ಯಾರಾಟ್ರೂಪರುಗಳ ದಿನ ತೀರಿತೆಂದು ಹಿಟ್ಲರನೇ ಸ್ಟೂಡೆಂಟ್‌ಗೆ ಹೇಳಿಯಾಗಿತ್ತು.

ವಿಚಿತ್ರವೆಂದರೆ ಜಿಗಿತ ನಿಂತ ಮೇಲೆ ಜರ್ಮನ್ ಪ್ಯಾರಾ ಡಿವಿಷನ್‌ಗಳ ಸಂಖ್ಯೆ ಬೆಳೆಯಿತು. ಕ್ರೀಟ್‌ನಲ್ಲಿ ಸವೆದ 7ನೇ ಡಿವಿಷನ್ ಅದೇ ವರ್ಷ ಲೆನಿನ್‌ಗ್ರಾದ್ ಬಳಿ ನೇವಾ ನದಿಯ ದಂಡೆಯಲ್ಲಿ ಕಾಲಾಳಾಗಿ ಕಾದಿತು. 1943ರಲ್ಲಿ ಅದಕ್ಕೆ ಒಂದನೇ ಪ್ಯಾರಾಶೂಟ್ ಡಿವಿಷನ್ ಎಂಬ ಹೆಸರು ಬಂತು, ಮರುವರ್ಷ ಇಟಲಿಯ ಕ್ಯಾಸಿನೊದ ಅವಶೇಷಗಳಲ್ಲಿ ಖ್ಯಾತಿ ಬಂತು. ಎರಡನೆಯದು, ಮೂರನೆಯದು, ಐದನೆಯದು ಎಂದು ಪಟ್ಟಿ ಉದ್ದವಾಯಿತು. ಹಾರಲು ಪೆಟ್ರೋಲಿಲ್ಲದೆ ಖಾಲಿ ಕೂತ ವಾಯುಪಡೆಯ ನೆಲಸಿಬ್ಬಂದಿಯನ್ನು ಈ ಡಿವಿಷನ್‌ಗಳಿಗೆ ತುಂಬಿದರು. ಅವರಲ್ಲಿ ಹೆಚ್ಚಿನವರು ವಿಮಾನದಿಂದ ಒಮ್ಮೆಯೂ ಜಿಗಿದವರಲ್ಲ. 1944ರ ಡಿಸೆಂಬರಿನಲ್ಲಿ ಆರ್ಡೆನ್ ಕಾಡಿನ ಮೇಲೆ ಕೊನೆಯದೊಂದು ಜಿಗಿತ ಬೇಕೆಂದಾಗ ಕರ್ನಲ್ ಫೊನ್ ಡೆರ್ ಹೈಟೆಗೆ ತರಬೇತಾದ ಸೈನಿಕರೂ ಸಿಗಲಿಲ್ಲ, ರಾತ್ರಿ ಹಾರಾಟ ಬಲ್ಲ ಪೈಲಟ್‌ಗಳೂ ಸಿಗಲಿಲ್ಲ. ಕೌಶಲ ಕಳೆದುಕೊಂಡ ಪಡೆಗೆ ಬಿರುದು ಮಾತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮರುಸಜ್ಜಿಕೆಯ ಕೆಲಸ ವಿವರವಾಗಿ ಕಾಣುವುದು 1944ರ ಬೇಸಿಗೆಯ ಇಂಗ್ಲೆಂಡಿನಲ್ಲಿ. ನಾರ್ಮಂಡಿಯಲ್ಲಿ 82ನೇ ಡಿವಿಷನ್ 33 ದಿನ ಬಿಡುವಿಲ್ಲದೆ ಕಾದಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 5,245 ಮಂದಿಯ ನಷ್ಟ. ಜುಲೈ ನಡುವೆ ಹಿಂದಿರುಗಿದ ಡಿವಿಷನ್ ಸೆಪ್ಟೆಂಬರ್ 17ಕ್ಕೆ ಹಾಲೆಂಡಿನಲ್ಲಿ ಜಿಗಿಯಿತು. ಈ ಎರಡು ತಿಂಗಳಲ್ಲಿ ಡಿವಿಷನ್ನನ್ನು ಹೊಸದಾಗಿ ಕಟ್ಟುವಷ್ಟು ಕೆಲಸವಿತ್ತು. ಸಾಮಾನ್ಯ ಡಿವಿಷನ್ನಿಗೆ ಬದಲಿ ಸೈನಿಕರ ಡಿಪೋದಿಂದ ಯಾರನ್ನಾದರೂ ಕಳುಹಿಸಬಹುದು. ಪ್ಯಾರಾ ರೆಜಿಮೆಂಟಿಗೆ ಬರುವವನು ತಾನಾಗಿ ಮುಂದೆ ಬಂದವನಾಗಿರಬೇಕು, ಐದು ಜಿಗಿತ ಮುಗಿಸಿರಬೇಕು. ಇಂಗ್ಲೆಂಡಿನಲ್ಲೇ ಜಿಗಿತದ ಶಾಲೆಗಳನ್ನು ತೆರೆದದ್ದು ಇದಕ್ಕಾಗಿ. ಆಂಜಿಯೋ ಕಡಲತೀರದಲ್ಲಿ ಜರ್ಜರಿತವಾಗಿ ನಾರ್ಮಂಡಿಯ ಜಿಗಿತ ತಪ್ಪಿಸಿಕೊಂಡಿದ್ದ 504ನೇ ರೆಜಿಮೆಂಟು ಈಗ ಡಿವಿಷನ್ನಿಗೆ ಮರಳಿತು. ನಾರ್ಮಂಡಿಯಲ್ಲಿ ಜೊತೆಗಿದ್ದ 507ನೆಯದು ಹೊಸದಾಗಿ ಬಂದ 17ನೇ ಡಿವಿಷನ್ನಿಗೆ ಹೋಯಿತು. ಡಿವಿಷನ್ನಿನ ಮುಖ್ಯಸ್ಥನಾಗಿದ್ದ ರಿಜ್‌ವೇ ಕೋರ್‌ ಅಧಿಪತಿಯಾದ, ಅವನ ಜಾಗಕ್ಕೆ ಗ್ಯಾವಿನ್ ಬಂದ.

ಉಡುಪು ಮತ್ತು ಸಲಕರಣೆಯ ಬದಲಾವಣೆ ಇನ್ನೂ ಕುತೂಹಲಕರ. ನಾರ್ಮಂಡಿಗೆ ಹೋದವರು ತೊಟ್ಟಿದ್ದು 1942ರ ಮಾದರಿಯ ಮಾಸಲು ಕಂದು ಅಂಗಿ ಷರಾಯಿ. ಮೊಣಕೈ ಮೊಣಕಾಲಿನ ಬಳಿ ಹರಿಯುತ್ತದೆಂದು ಪ್ಯಾರಾಶೂಟ್ ಮಡಿಸುವವರೇ ಕ್ಯಾನ್ವಾಸ್ ತೇಪೆ ಹೊಲಿದುಕೊಟ್ಟಿದ್ದರು. ವಿಷಾನಿಲದ ಭಯಕ್ಕೆ ರಾಸಾಯನಿಕದಲ್ಲಿ ಅದ್ದಿದ್ದರಿಂದ ಬಟ್ಟೆ ಗಬ್ಬು ನಾರುತ್ತಿತ್ತು. ಹಾಲೆಂಡಿಗೆ ಹೊರಡುವಾಗ ಎಲ್ಲ ಸೇನೆಗೂ ಸಾಮಾನ್ಯವಾದ 1943ರ ಹಸಿರು ಸಮವಸ್ತ್ರ ಬಂತು. ತೊಡೆಯ ದೊಡ್ಡ ಜೇಬು ಇಲ್ಲದಿದ್ದರೆ ಗ್ರೆನೇಡು, ಊಟದ ಪೊಟ್ಟಣ ಎಲ್ಲಿಡುವುದು? ಅದನ್ನೂ ಅದೇ ಹೊಲಿಗೆಯವರು ಷರಾಯಿಗೆ ಹಚ್ಚಿದರು. ವಿಶೇಷ ಸಮವಸ್ತ್ರ ಹೋಗಿ ಸಾಮಾನ್ಯ ಸಮವಸ್ತ್ರ ಬಂದದ್ದು ಉಗ್ರಾಣದವರ ಗೆಲುವು. ಸೈನಿಕರಿಗೆ ಬೂಟಿನ ಮೇಲೆ ಮಾತ್ರ ಅಭಿಮಾನ ಉಳಿಯಿತು.

ಪ್ಯಾರಾಶೂಟಿನ ಬದಲಾವಣೆ ಜೀವ ಉಳಿಸುವ ಬಗೆಯದು. ಅಮೆರಿಕದ ಟಿ-5 ಪ್ಯಾರಾಶೂಟಿನ ಪಟ್ಟಿಗಳನ್ನು ಮೂರು ಕೊಂಡಿ ತೆಗೆದು ಕಳಚಬೇಕಿತ್ತು. ಜರ್ಮನ್ನರು ನೀರು ನಿಲ್ಲಿಸಿದ್ದ ನಾರ್ಮಂಡಿಯ ಜೌಗಿನಲ್ಲಿ ಬಿದ್ದವರು ಎದೆಮಟ್ಟದ ನೀರಿನಲ್ಲಿ ಕೊಂಡಿ ತಡಕಾಡುತ್ತಲೇ ಮುಳುಗಿದರು. ಬ್ರಿಟಿಷ್ ಸೈನಿಕನ ಎದೆಯ ಮೇಲಿದ್ದ ದುಂಡನೆಯ ಪೆಟ್ಟಿಗೆಯನ್ನು ತಿರುಗಿಸಿ ಗುದ್ದಿದರೆ ಎಲ್ಲ ಪಟ್ಟಿಯೂ ಒಟ್ಟಿಗೆ ಬಿಚ್ಚುತ್ತಿತ್ತು. ಅಂಥದೇ ಬಿಡುಗಡೆ ಪೆಟ್ಟಿಗೆಯನ್ನು ಹಾಲೆಂಡಿನ ಹೊತ್ತಿಗೆ ಅಮೆರಿಕನ್ನರೂ ಅಳವಡಿಸಿಕೊಂಡರು. ಕಾಲಿಗೆ ಕಟ್ಟಿ, ಇಳಿಯುವಾಗ ಹಗ್ಗದಲ್ಲಿ ಕೆಳಗೆ ತೂಗಿಬಿಡುವ ಸಾಮಾನಿನ ಚೀಲವೂ ಬ್ರಿಟಿಷರಿಂದಲೇ ಬಂದದ್ದು. ಆದರೆ ನಾರ್ಮಂಡಿಯಲ್ಲಿ ವಿಮಾನಗಳು ಗುಂಡಿಗೆ ಹೆದರಿ ವೇಗವಾಗಿ ಹಾರಿದ್ದರಿಂದ ಬಹಳಷ್ಟು ಚೀಲಗಳು ಕಿತ್ತುಬಿದ್ದು, ಮೆಷಿನ್ ಗನ್ ರೇಡಿಯೋಗಳು ಕತ್ತಲೆಯ ಪಾಲಾಗಿದ್ದವು. ಟ್ಯಾಂಕಿನ ಮುಂದೆ ಬರಿಗೈಲಿ ನಿಲ್ಲುವ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಅಮೆರಿಕದ 57 ಮಿ.ಮೀ. ಟ್ಯಾಂಕ್ ನಿರೋಧಕ ಫಿರಂಗಿಯ ಗಾಡಿ ಗ್ಲೈಡರಿನ ಬಾಗಿಲಿಗೆ ಅಗಲವಾಯಿತು. ಅದೇ ಅಳತೆಯ ಬ್ರಿಟಿಷ್ ಫಿರಂಗಿ, ಕಿರಿದಾದ ಗಾಡಿಯ ಮಾದರಿ, ಎರವಲು ಬಂತು. ಮುಂದೆ ಎರಡು ತುಂಡಾಗಿ ಬಿಚ್ಚುವ ಬಜೂಕಾ ಬಂತು. ಅದೂ ಸಾಲದೆಂದು ಗ್ಯಾವಿನ್‌ನ ಸೈನಿಕರು ಜರ್ಮನ್ನರಿಂದ ಕಿತ್ತುಕೊಂಡ ಪಾಂಜರ್‌ಫೌಸ್ಟ್‌ಗಳನ್ನು ಕೂಡಿಟ್ಟು ಅವರ ಮೇಲೆಯೇ ಬಳಸಿದರು.

ಸಂಬಳವೂ ಮರುಜೋಡಣೆಯ ಭಾಗವೇ. ಪ್ಯಾರಾಟ್ರೂಪರಿಗೆ ತಿಂಗಳಿಗೆ 50 ಡಾಲರ್ ಹೆಚ್ಚುವರಿ ಭತ್ಯೆ ಸಿಗುತ್ತಿತ್ತು. ಪ್ಲೈವುಡ್, ಬಟ್ಟೆ ಮತ್ತು ಕೊಳವೆಯಿಂದ ಮಾಡಿದ ಗ್ಲೈಡರಿನಲ್ಲಿ ಕೂತು ಕಲ್ಲು ಬೇಲಿಗಳ ನಡುವೆ ಅಪ್ಪಳಿಸುವವನಿಗೆ, ಅದೂ ಸ್ವಂತ ಇಚ್ಛೆಯಿಲ್ಲದೆ ನೇಮಕಗೊಂಡವನಿಗೆ, 1944ರ ಜುಲೈವರೆಗೆ ಏನೂ ಇರಲಿಲ್ಲ.

ಬ್ರಿಟಿಷರ ಒಂದನೇ ಏರ್‌ಬೋರ್ನ್ ಡಿವಿಷನ್ನಿಗೆ ಮತ್ತೆ ಎದ್ದು ನಿಲ್ಲುವ ಅವಕಾಶವೇ ಸಿಗಲಿಲ್ಲ. ಹಾಲೆಂಡಿನ ಅದೇ ಕಾರ್ಯಾಚರಣೆಯಲ್ಲಿ ಆರ್ನ್‌ಹೆಮ್‌ಗೆ ಹೋದ ಸುಮಾರು 10,000 ಮಂದಿಯಲ್ಲಿ ನದಿ ದಾಟಿ ಮರಳಿದವರು ಕಾಲು ಭಾಗ. ನಾಲ್ಕನೇ ಪ್ಯಾರಾ ಬ್ರಿಗೇಡನ್ನು ವಿಸರ್ಜಿಸಿ ಅಳಿದುಳಿದವರನ್ನು ಒಂದನೇ ಬ್ರಿಗೇಡಿಗೆ ಸೇರಿಸಲಾಯಿತು. ಡಿವಿಷನ್ ಯುದ್ಧ ಮುಗಿದ ಮೇಲೆ ನಾರ್ವೆಯಲ್ಲಿ ಜರ್ಮನ್ನರ ಶರಣಾಗತಿಯ ಉಸ್ತುವಾರಿ ನೋಡಿಕೊಂಡು ಅದೇ ವರ್ಷ ಮುಚ್ಚಿತು. ತುಂಬಲಾರದ ನಷ್ಟ ಗ್ಲೈಡರ್ ಪೈಲಟ್‌ಗಳದು. ಹಾರಿಸಿ ಇಳಿಸಿದ ಮೇಲೆ ಬಂದೂಕು ಹಿಡಿದು ಕಾದಬೇಕಾದ ಸೈನಿಕರು ಅವರು. ಆರ್ನ್‌ಹೆಮ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು ಇಲ್ಲವೇ ಸೆರೆಯಾದರು. ಆರು ತಿಂಗಳ ನಂತರ ರೈನ್ ನದಿ ದಾಟುವ ಕಾರ್ಯಾಚರಣೆಗೆ ವಾಯುಪಡೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಪೈಲಟ್‌ಗಳನ್ನು ತಂದು ಕಾಲಾಳಿನ ಪಾಠ ಹೇಳಿಸಿ ಗ್ಲೈಡರ್ ಏರಿಸಬೇಕಾಯಿತು.

ಅಮೆರಿಕದ 101ನೆಯದಕ್ಕೆ ಮರುಸಜ್ಜಿಕೆ ಅರ್ಧಕ್ಕೇ ನಿಂತ ಅನುಭವ. ಹಾಲೆಂಡಿನ ಕೆಸರಿನಲ್ಲಿ 72 ದಿನ ಕಳೆದು ಫ್ರಾನ್ಸಿನ ಮೂರ್ಮೆಲೋನ್ ಶಿಬಿರಕ್ಕೆ ಬಂದವರಿಗೆ ಚಳಿಗಾಲದ ಉಡುಪು, ಮದ್ದುಗುಂಡು ಪೂರ್ತಿ ಬಂದಿರಲಿಲ್ಲ. ಡಿಸೆಂಬರ್ 18ರಂದು, ಜರ್ಮನ್ನರ ಆರ್ಡೆನ್ ದಾಳಿಯನ್ನು ತಡೆಯಲು, ಅವರನ್ನು ಲಾರಿಗಳಲ್ಲಿ ತುಂಬಿ ಬಾಸ್ಟೋನ್‌ಗೆ ಸಾಗಿಸಿದರು. ಡಿವಿಷನ್ನಿನ ಅಧಿಪತಿ ಮ್ಯಾಕ್ಸ್‌ವೆಲ್ ಟೇಲರ್ ಆಗ ಇದ್ದದ್ದು ವಾಷಿಂಗ್ಟನ್ನಿನಲ್ಲಿ. ಏರ್‌ಬೋರ್ನ್ ಡಿವಿಷನ್‌ಗಳ ಸಂಘಟನೆಯನ್ನು ಬಲಪಡಿಸಬೇಕೆಂದು ವಾದ ಮಂಡಿಸಲು ಹೋಗಿದ್ದ. ಅವನ ವಾದಕ್ಕೆ ಬೇಕಾದ ಸಾಕ್ಷ್ಯವನ್ನು ಅವನ ಸೈನಿಕರು ಹಿಮದಲ್ಲಿ ಒದಗಿಸುತ್ತಿದ್ದರು.

1945ರ ಮಾರ್ಚ್ 1ರಂದು ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಡಿವಿಷನ್ನಿನ ಬಲ 12,979. ಎರಡು ಪ್ಯಾರಾ ರೆಜಿಮೆಂಟು, ಮೂರು ಬೆಟಾಲಿಯನ್ನಿನ ಒಂದು ಗ್ಲೈಡರ್ ರೆಜಿಮೆಂಟು, ಹೆಚ್ಚಿನ ಫಿರಂಗಿ, ಹೆಚ್ಚಿನ ವಾಹನ. ನಿಜ ಹೇಳಬೇಕೆಂದರೆ ಇದು ಹೊಸತೇನಲ್ಲ. 401ನೇ ಗ್ಲೈಡರ್ ರೆಜಿಮೆಂಟನ್ನು ಒಡೆದು ಒಂದು ಬೆಟಾಲಿಯನ್ ಅಲ್ಲಿಗೆ ಒಂದು ಇಲ್ಲಿಗೆ ಹಂಚಿ 82 ಮತ್ತು 101ನೇ ಡಿವಿಷನ್‌ಗಳು ಮೂರರ ಲೆಕ್ಕವನ್ನು ಒಂದು ವರ್ಷದಿಂದ ಪಟ್ಟಿಯ ಹೊರಗೇ ನಡೆಸಿದ್ದವು. ಹೆಚ್ಚುವರಿ ಪ್ಯಾರಾ ರೆಜಿಮೆಂಟುಗಳನ್ನೂ ‘ತಾತ್ಕಾಲಿಕ’ ಎಂದು ಬರೆದು ಇಟ್ಟುಕೊಂಡಿದ್ದವು. ಇದ್ದ ರೂಢಿಗೆ ಕಚೇರಿಯ ಮೊಹರು ಬಿತ್ತು, ಅಷ್ಟೇ. ಅದೇ ತಿಂಗಳ 24ರಂದು ರೈನ್ ದಾಟಿದ 17ನೇ ಡಿವಿಷನ್ ಹಿನ್ನೊದೆತವಿಲ್ಲದ 57 ಮತ್ತು 75 ಮಿ.ಮೀ. ತೋಪುಗಳನ್ನು ಮೊದಲ ಬಾರಿ ಒಯ್ದಿತು. ಸಣ್ಣದನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಹಾರಿಸಬಹುದಿತ್ತು. ಟ್ಯಾಂಕಿನ ಪ್ರಶ್ನೆಗೆ ಉತ್ತರ ಸಿಕ್ಕಿತು, ಯುರೋಪಿನ ಯುದ್ಧ ಮುಗಿಯಲು ಆರು ವಾರ ಉಳಿದಿದ್ದಾಗ. ಆದರೆ ಹೊಸದೆಲ್ಲ ಒಳ್ಳೆಯದಲ್ಲ. ಎರಡೂ ಬದಿ ಬಾಗಿಲಿದ್ದ ದೊಡ್ಡ ಸಿ-46 ವಿಮಾನಗಳನ್ನೂ ಅಂದೇ ಪ್ರಯೋಗಿಸಿದರು. ಗುಂಡು ತಾಕಿದರೆ ತಾನಾಗಿ ಮುಚ್ಚಿಕೊಳ್ಳುವ ಇಂಧನ ಟ್ಯಾಂಕು ಅವುಗಳಿಗಿರಲಿಲ್ಲ. 72ರಲ್ಲಿ 19 ನಾಶವಾದವು.

ಭಾರತದ ಪ್ಯಾರಾ ಪಡೆ ಇದೇ ದಾರಿಯನ್ನು ತೀರ ಕಡಿಮೆ ಸಾಮಗ್ರಿಯಲ್ಲಿ ನಡೆಯಿತು. 1941ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಶೂಟ್ ಬ್ರಿಗೇಡ್ ರಚನೆಯಾಯಿತು: 151ನೇ ಬ್ರಿಟಿಷ್, 152ನೇ ಭಾರತೀಯ, 153ನೇ ಗೂರ್ಖಾ ಬೆಟಾಲಿಯನ್. ಆ ತಿಂಗಳು ಕರಾಚಿಯಲ್ಲಿ ನಡೆದ ಮೊದಲ ಜಿಗಿತದಲ್ಲಿ ವೈದ್ಯಾಧಿಕಾರಿ ರಂಗರಾಜ್ ಇದ್ದರು. ವಿಮಾನ ಎಂದರೆ ಹಳೆಯ ವ್ಯಾಲೆಂಷಿಯಾ, ನೆಲದ ತೂತಿನಿಂದ ಧುಮುಕಬೇಕು. ಪ್ಯಾರಾಶೂಟುಗಳು ಬ್ರಿಟನ್ನಿನಿಂದ ಬೆರಳೆಣಿಕೆಯಷ್ಟು ಬರುತ್ತಿದ್ದವು; ಅವುಗಳ ತಯಾರಿಕೆಯಲ್ಲಿ ಹೆಸರಾದ ಲೆಸ್ಲಿ ಇರ್ವಿನ್‌ನ ನೆರವಿನಿಂದ ಕಾನ್ಪುರದಲ್ಲಿ ಕಾರ್ಖಾನೆ ಶುರುವಾದ ಮೇಲೆ ತರಬೇತಿ ಸರಾಗವಾಯಿತು. ಬಟ್ಟೆಯ ಕೊರತೆ ಎಷ್ಟಿತ್ತೆಂದರೆ, ಬರ್ಮಾದ ಸೈನಿಕರಿಗೆ ಸಾಮಾನು ಉದುರಿಸಲು ಜನರಲ್ ಸ್ಲಿಮ್‌ನ 14ನೇ ಸೇನೆ ಕಲ್ಕತ್ತೆಯ ಗಿರಣಿಗಳ ಸೆಣಬಿನಿಂದ ‘ಪ್ಯಾರಾಜೂಟ್’ ಮಾಡಿಸಿಕೊಂಡಿತು. ಮನುಷ್ಯನನ್ನು ಇಳಿಸಲು ಅದು ಆಗದು, ಅಕ್ಕಿ ಮದ್ದುಗುಂಡಿಗೆ ಸಾಕು. ವೆಚ್ಚ ಮಾಮೂಲಿ ಪ್ಯಾರಾಶೂಟಿನ ಸಣ್ಣದೊಂದು ಪಾಲು.

ಬ್ರಿಗೇಡು ಒಟ್ಟಾಗಿ ಒಮ್ಮೆಯೂ ಜಿಗಿಯುವ ಮೊದಲೇ ಬದಲಾಗತೊಡಗಿತು. 1942ರ ಕೊನೆಗೆ ಬ್ರಿಟಿಷ್ ಬೆಟಾಲಿಯನ್ ಮಧ್ಯಪ್ರಾಚ್ಯಕ್ಕೆ ಹೋಗಿ 156 ಎಂಬ ಹೊಸ ಸಂಖ್ಯೆ ಪಡೆಯಿತು. ಆರ್ನ್‌ಹೆಮ್‌ನಲ್ಲಿ ಅಳಿದ ನಾಲ್ಕನೇ ಬ್ರಿಗೇಡಿನಲ್ಲಿ ಇದ್ದದ್ದು ಇದೇ ಬೆಟಾಲಿಯನ್. ತೆರವಾದ ಜಾಗಕ್ಕೆ ಬರ್ಮಾದ ಸಿತ್ತಾಂಗ್ ನದಿಯಲ್ಲಿ ನುಜ್ಜುಗುಜ್ಜಾಗಿದ್ದ 7ನೇ ಗೂರ್ಖಾ ರೈಫಲ್ಸಿನ ಮೂರನೇ ಬೆಟಾಲಿಯನ್ನನ್ನು ಪ್ಯಾರಾ ತರಬೇತಿಗೆ ಹಾಕಿ 154ನೆಯದೆಂದು ಕರೆದರು. ಅದು ಸಿದ್ಧವಾಗುವ ಮೊದಲೇ, 1944ರ ಮಾರ್ಚ್‌ನಲ್ಲಿ, ಮಣಿಪುರದ ಕಾಡಿನಲ್ಲಿ ತರಬೇತಿಗೆಂದು ಹೋದ ಬ್ರಿಗೇಡಿನ ಮೇಲೆ ಜಪಾನೀಯರ ದೊಡ್ಡ ಆಕ್ರಮಣ ಎರಗಿತು. ಬ್ರಿಗೇಡಿಯರ್ ಹೋಪ್ ಥಾಮ್ಸನ್‌ನ ಸೈನಿಕರು ಸಂಗ್‌ಶಾಕ್ ಎಂಬ ನಾಗಾ ಹಳ್ಳಿಯ ಗುಡ್ಡದಲ್ಲಿ ಸೇರಿಕೊಂಡರು. ಮುಳ್ಳುತಂತಿ ಇಲ್ಲ, ನೀರಿಲ್ಲ, ಮೂರಡಿ ಅಗೆದರೆ ಬಂಡೆ. ವಿಮಾನದಿಂದ ಉದುರಿಸಿದ ಸಾಮಾನಿನಲ್ಲಿ ಹೆಚ್ಚಿನದು ಶತ್ರುವಿನ ಕಡೆ ಬಿತ್ತು. ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಲಘು ಪದಾತಿ ದಳದ ನಾಲ್ಕನೇ ಬೆಟಾಲಿಯನ್ ಅವರೊಂದಿಗೆ ಅಲ್ಲಿ ಕಾದಿತು. 26ರ ರಾತ್ರಿ ಹಿಂದೆ ಸರಿಯುವ ಹೊತ್ತಿಗೆ ಸುಮಾರು 600 ಮಂದಿ ಸತ್ತೋ ಗಾಯಗೊಂಡೋ ಇದ್ದರು. ಸೋಲಿನ ಅಪವಾದ ಮೊದಲು ಬ್ರಿಗೇಡಿನ ತಲೆಗೇ ಬಂತು. ಕೊಹಿಮಾ ಇಂಫಾಲಗಳಿಗೆ ಆ ದಿನಗಳು ಕೊಟ್ಟ ಬಿಡುವಿನ ಬೆಲೆ ಆಮೇಲೆ ಅರಿವಾಯಿತು.

ಸವೆದ ಈ ಬ್ರಿಗೇಡಿನ ಸುತ್ತ ಒಂದು ಡಿವಿಷನ್ ಕಟ್ಟಿದ ರೀತಿ ಯುದ್ಧಕಾಲದ ಜೋಡಣೆಯ ಒಳ್ಳೆಯ ಮಾದರಿ. ಕೆಲಸವಿಲ್ಲದ 44ನೇ ಟ್ಯಾಂಕ್ ಡಿವಿಷನ್ನಿನ ಕೇಂದ್ರ ಕಚೇರಿಯೇ 44ನೇ ಏರ್‌ಬೋರ್ನ್ ಡಿವಿಷನ್ನಿನ ಕಚೇರಿಯಾಯಿತು. ಬ್ರಿಟನ್ನಿನ ಒಂದನೇ ಏರ್‌ಬೋರ್ನ್ ಡಿವಿಷನ್ನನ್ನು ನಡೆಸಿದ್ದ ಅರ್ನೆಸ್ಟ್ ಡೌನ್ ಮುಖ್ಯಸ್ಥನಾಗಿ ಬಂದ. ಬರ್ಮಾದಲ್ಲಿ ಶತ್ರುವಿನ ಬೆನ್ನ ಹಿಂದೆ ಕಾದಿದ್ದ ವಿಂಗೇಟನ ಚಿಂಡಿಟ್ ಪಡೆ ಕರಗಿದಾಗ ಅದರ 77ನೇ ಬ್ರಿಗೇಡ್ ಪ್ಯಾರಾ ಬ್ರಿಗೇಡಾಗಿ, 14ನೆಯದು ಗ್ಲೈಡರ್ ಬ್ರಿಗೇಡಾಗಿ ಇಲ್ಲಿ ಸೇರಿದವು. 1944ರ ಡಿಸೆಂಬರಿನಲ್ಲಿ ಇಂಡಿಯನ್ ಪ್ಯಾರಾಶೂಟ್ ರೆಜಿಮೆಂಟ್ ಎಂಬ ಪ್ರತ್ಯೇಕ ರೆಜಿಮೆಂಟೇ ಸ್ಥಾಪನೆಯಾಗಿ, 152ನೆಯದು ಒಡೆದು ಒಂದನೇ ಮತ್ತು ನಾಲ್ಕನೇ ಭಾರತೀಯ ಬೆಟಾಲಿಯನ್‌ಗಳಾದವು. ಗೂರ್ಖಾ ಬೆಟಾಲಿಯನ್‌ಗಳಿಗೆ ಎರಡು, ಮೂರು ಎಂಬ ಸಂಖ್ಯೆ ಬಂತು. ಇಷ್ಟೆಲ್ಲ ಆದ ಮೇಲೂ 1945ರ ಮೇ 1ರಂದು ರಂಗೂನಿನ ನದೀಮುಖದ ಎಲಿಫೆಂಟ್ ಪಾಯಿಂಟಿನ ಮೇಲೆ ಜಿಗಿಯಲು ಒಂದು ಪೂರ್ಣ ಬೆಟಾಲಿಯನ್ ಸಿದ್ಧವಿರಲಿಲ್ಲ. ಹೊಸ ಸಂಘಟನೆ ನಡೆದಿತ್ತು, ಬಹಳ ಜನ ರಜೆಯಲ್ಲಿದ್ದರು. ಎರಡೂ ಗೂರ್ಖಾ ಬೆಟಾಲಿಯನ್‌ಗಳಿಂದ ಆಯ್ದು ಒಂದು ಕೂಡು ಬೆಟಾಲಿಯನ್ ಮಾಡಿ ಕಳುಹಿಸಿದರು. ಕೆಲಸ ಒಂದೇ ದಿನದಲ್ಲಿ ಮುಗಿಯಿತು.

ಯುದ್ಧಾನಂತರ ಡಿವಿಷನ್ನಿಗೆ ಎರಡನೇ ಭಾರತೀಯ ಏರ್‌ಬೋರ್ನ್ ಡಿವಿಷನ್ ಎಂದು ಹೆಸರಿಟ್ಟರು. 1946ರಲ್ಲಿ ಪ್ರತ್ಯೇಕ ಪ್ಯಾರಾ ರೆಜಿಮೆಂಟನ್ನು ಮುಚ್ಚಿ, ಬೇರೆ ಬೇರೆ ಕಾಲಾಳು ರೆಜಿಮೆಂಟುಗಳ ಬೆಟಾಲಿಯನ್‌ಗಳಿಗೆ ಆ ಹೊಣೆ ಹಂಚಿದರು. ದೇಶ ವಿಭಜನೆಯಲ್ಲಿ 50 ಮತ್ತು 77ನೇ ಬ್ರಿಗೇಡುಗಳು ಭಾರತಕ್ಕೆ, 14ನೆಯದು ಪಾಕಿಸ್ತಾನಕ್ಕೆ ಹೋದವು. ಕೆಲವೇ ತಿಂಗಳಲ್ಲಿ 50ನೇ ಬ್ರಿಗೇಡ್ ಕಾಶ್ಮೀರದ ನೌಶೇರಾ, ಝಂಗರ್ ಕಣಿವೆಗಳಲ್ಲಿ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅಡಿಯಲ್ಲಿ ಮತ್ತೆ ಕಾಲಾಳಾಗಿಯೇ ಕಾದುತ್ತಿತ್ತು. 1952ರಲ್ಲಿ ಪಂಜಾಬ್, ಮರಾಠಾ, ಕುಮಾವೂನ್ ರೆಜಿಮೆಂಟುಗಳ ತಲಾ ಒಂದು ಬೆಟಾಲಿಯನ್ ತೆಗೆದು ಪ್ಯಾರಾಶೂಟ್ ರೆಜಿಮೆಂಟನ್ನು ಹೊಸದಾಗಿ ಕಟ್ಟಿದರು. 1992ರಿಂದ ಅದರ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಮರಾಠಾ ದಳದಿಂದ ಬಂದ ಬೆಟಾಲಿಯನ್ 2 ಪ್ಯಾರಾ ಆಯಿತು. 1971ರ ಡಿಸೆಂಬರ್ 11ರಂದು ಅದು ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಇಳಿದು ಸೇತುವೆ ಹಿಡಿಯಿತು, ಮತ್ತು ಉತ್ತರದಿಂದ ಬಂದ ಪಡೆ ಸಕಾಲಕ್ಕೆ ಅದನ್ನು ಕೂಡಿಕೊಂಡಿತು.